ಮಾಂಸ, ಚೀಸ್ ಹರಿವಾಣಕ್ಕೆ ಯಾವ ವೈನ್? ಮೊದಲು ಉಪ್ಪನ್ನು ನೋಡಿ, ಬಣ್ಣವನ್ನಲ್ಲ

ಪ್ರಶ್ನೆ: ನಮ್ಮ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿದೆ. ಅಣ್ಣನ ಮಗಳು ಮತ್ತು ಅಳಿಯ ಫ್ರಾನ್ಸ್‌ನ ಲಿಯೋನ್ ನಗರದಲ್ಲಿದ್ದು, ಏಪ್ರಿಲ್‌ನಲ್ಲಿ ಊರಿಗೆ ಬರುತ್ತಿದ್ದಾರೆ. ಒಂದು ಭಾನುವಾರ ಸಂಜೆ ಮನೆಯಲ್ಲಿಯೇ ಎಂಟು ಜನ ಸೇರಿ, ಅಲ್ಲಿಯವರ ಪದ್ಧತಿಯಂತೆ ಮಾಂಸ ಮತ್ತು ಚೀಸ್ ತುಂಬಿದ ಹರಿವಾಣವನ್ನು ನಡುವೆ ಇಟ್ಟುಕೊಂಡು ವೈನ್ ಕುಡಿಯಬೇಕೆಂದಿದ್ದೇವೆ. ಸಲಾಮಿ, ಹ್ಯಾಮ್, ಮೂರು ನಾಲ್ಕು ಬಗೆಯ ಚೀಸ್ ಇರುತ್ತವೆ. ಗೋವಾ ಸಾಸೇಜ್ ಮತ್ತು ಸಾವಜಿ ಖೀಮಾ ಉಂಡೆ ಇರಲೇಬೇಕೆಂದು ಅಣ್ಣನ ಹಟ. ಇಬ್ಬರು ಸಸ್ಯಾಹಾರಿಗಳು, ಅತ್ತೆಯವರು ವೈನ್ ಮುಟ್ಟುವುದಿಲ್ಲ. ಅಂಗಡಿಯವರು "ಮಾಂಸಕ್ಕೆ ಕೆಂಪು ವೈನ್, ಗಟ್ಟಿ ಇದ್ದಷ್ಟೂ ಒಳ್ಳೆಯದು" ಎನ್ನುತ್ತಾರೆ. ಇದು ಸರಿಯೇ? ಯಾವುದನ್ನು, ಎಷ್ಟು ತರಬೇಕು?

ಉತ್ತರ: ಅಂಗಡಿಯವರು ಹೇಳಿದ ಗಟ್ಟಿ ಕೆಂಪು ವೈನನ್ನು ಆ ಸಂಜೆ ತೆರೆಯಬೇಡಿ. ಇನ್ನೊಂದು ದಿನ ಮನೆಯಲ್ಲಿ ಮಸಾಲೆ ಕಡಿಮೆ ಹಾಕಿ ಮಟನ್ ಹುರಿದಾಗ ಅದಕ್ಕೆ ನ್ಯಾಯ ಸಿಗುತ್ತದೆ. ನಿಮ್ಮ ಹರಿವಾಣಕ್ಕೆ ಮೊದಲು ಬೇಕಾದದ್ದು ಚೆನ್ನಾಗಿ ತಣ್ಣಗಾದ, ಹುಳಿ ಎದ್ದು ಕಾಣುವ ಬಿಳಿ ಸ್ಪಾರ್ಕ್ಲಿಂಗ್ ವೈನ್, ಅಂದರೆ ಗುಳ್ಳೆಯೇಳುವ ವೈನ್. ಅದರ ಬೆನ್ನಿಗೆ ಸ್ವಲ್ಪ ಸಿಹಿಯಿರುವ ಒಂದು ಬಿಳಿ ವೈನ್, ಒಗರು ಕಡಿಮೆ ಇರುವ ಕೆಂಪು ವೈನ್, ಕೊನೆಗೆ ಸಿಹಿ ವೈನಿನ ಒಂದು ಪುಟ್ಟ ಬಾಟಲಿ. ಯಾಕೆ ಈ ಸಾಲು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಕಾರಣ ತಿಳಿದಿದ್ದರೆ ಅಂಗಡಿಯಲ್ಲಿ ನಾನು ಹೇಳಿದ ಬಾಟಲಿ ಸಿಗದಿದ್ದರೂ ನೀವೇ ಬೇರೆಯದನ್ನು ಆರಿಸಬಲ್ಲಿರಿ.

ಮಾಂಸಕ್ಕೆ ಕೆಂಪು ವೈನ್ ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಮಾತು ಹುಟ್ಟಿದ್ದು ಬೆಂಕಿಯಿಂದ ಆಗತಾನೇ ಇಳಿಸಿದ, ಕೊಬ್ಬು ಜಿನುಗುವ, ಉಪ್ಪು ಹಿತಮಿತವಾಗಿರುವ ಬಿಸಿ ಮಾಂಸದ ಊಟದಲ್ಲಿ. ನಿಮ್ಮ ಹರಿವಾಣದ ಮಾಂಸ ಹಾಗಿರುವುದಿಲ್ಲ. ಸಲಾಮಿ, ಹ್ಯಾಮ್, ಇಟಲಿಯ ಒಣ ಹ್ಯಾಮ್ ಆದ ಪ್ರೊಶುಟ್ಟೊ ಎಲ್ಲವೂ ಉಪ್ಪಿನ ಬಲದಿಂದಲೇ ಕೆಡದೆ ಉಳಿಯುವ ಪದಾರ್ಥಗಳು. ಒಣಗಿಸಿ ಮಾಗಿಸಿದ ಸಲಾಮಿಯ 100 ಗ್ರಾಂನಲ್ಲಿ ಸುಮಾರು 4 ಗ್ರಾಂ ಉಪ್ಪೇ ಇರುತ್ತದೆ. ಮಾಗಿದ ಚೀಸ್‌ನಲ್ಲಿಯೂ ಉಪ್ಪಿದೆ, ಜಿಡ್ಡು ಇನ್ನೂ ಹೆಚ್ಚು. ಹಾಗಾಗಿ ನೀವು ಜೋಡಿ ಹುಡುಕುತ್ತಿರುವುದು ಮಾಂಸಕ್ಕಲ್ಲ, ಉಪ್ಪು ಮತ್ತು ಜಿಡ್ಡಿಗೆ.

ಉಪ್ಪಿಗೂ ಹುಳಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಉಪ್ಪು ಹಚ್ಚಿ ಮಾವಿನಕಾಯಿ ತಿಂದವರಿಗೆ ವಿವರಿಸಬೇಕಾಗಿಲ್ಲ. ಉಪ್ಪು ನಾಲಗೆಯ ಮೇಲಿದ್ದಾಗ ವೈನಿನ ಹುಳಿ ಮೆತ್ತಗಾಗುತ್ತದೆ, ಹಣ್ಣಿನ ರುಚಿ ಮುಂದೆ ಬರುತ್ತದೆ. ಅದೇ ಹುಳಿ ಬಾಯಲ್ಲಿ ಅಂಟಿದ ಕೊಬ್ಬನ್ನು ತೊಳೆದು ಮುಂದಿನ ತುತ್ತಿಗೆ ಜಾಗ ಮಾಡುತ್ತದೆ. ಗಟ್ಟಿ ಕೆಂಪು ವೈನಿನಲ್ಲಿ ಮೇಲುಗೈ ಹುಳಿಯದಲ್ಲ, ಒಗರಿನದು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಮತ್ತು ಓಕ್ ಮರದ ಪೀಪಾಯಿಯಿಂದ ಬರುವ ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ. ಬಾಯಿಯ ಜಾರುತನ ಹೋಗಿ ನಾಲಗೆ ಒಣಗಿದಂತಾಗುವುದು ಇದರಿಂದಲೇ. ಗಟ್ಟಿ ಚೆಡ್ಡಾರ್‌ನಂತಹ ಮಾಗಿದ ಚೀಸ್ ಈ ಒಗರನ್ನು ತಡೆದುಕೊಳ್ಳುತ್ತದೆ, ಕೆಲವೊಮ್ಮೆ ಅದರಿಂದ ಚೆಂದವೂ ಕಾಣುತ್ತದೆ. ಆದರೆ ಬ್ರೀ, ಕಾಮಂಬೇರ್‌ನಂತಹ ಮೆತ್ತನೆಯ ಚೀಸ್ ಬಾಯಲ್ಲಿರುವಾಗ ಕಾಬರ್ನೆ ಸೊವಿನ್ಯೋನ್ ಎಂಬ ಗಟ್ಟಿ ಕೆಂಪು ವೈನ್ ಕುಡಿದು ನೋಡಿ, ಎರಡೂ ಕೆಡುತ್ತವೆ. ಚೀಸ್ ಕಹಿಯಾಗುತ್ತದೆ, ವೈನ್ ಕಬ್ಬಿಣ ನೆಕ್ಕಿದ ರುಚಿ ಕೊಡುತ್ತದೆ. ಒಳ್ಳೆಯ ಬೆಲೆಯ ಎರಡು ಪದಾರ್ಥಗಳು ಹೀಗೆ ಒಂದನ್ನೊಂದು ಹಾಳು ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಷ್ಟು ಯಾವ ಊರಿನ ಹರಿವಾಣಕ್ಕೂ ಅನ್ವಯಿಸುವ ಮಾತು. ಹುಬ್ಬಳ್ಳಿಯ ಹರಿವಾಣಕ್ಕೆ ಇನ್ನೊಂದು ಸಂಗತಿ ಸೇರುತ್ತದೆ: ಖಾರ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅಣ್ಣನವರ ಹಟವೇ. ಅವರ ಆಸೆ ನ್ಯಾಯವಾದದ್ದು. ಲಿಯೋನ್‌ನಿಂದ ಬಂದವರಿಗೆ ಲಿಯೋನ್‌ನದ್ದನ್ನೇ ಬಡಿಸುವುದರಲ್ಲಿ ಅರ್ಥವಿಲ್ಲ. ಸಾವಜಿ ಅಡುಗೆ ಇಲ್ಲದ ಹುಬ್ಬಳ್ಳಿಯ ಮಾಂಸದ ಊಟ ಅಪೂರ್ಣ. ಆದರೆ ಖಾರ ಹರಿವಾಣಕ್ಕೆ ಬಂದ ಕೂಡಲೇ ವೈನಿನ ಲೆಕ್ಕ ಬದಲಾಗುತ್ತದೆ.

ಮೆಣಸಿನಕಾಯಿಯ ಖಾರ ರುಚಿಯಲ್ಲ, ಉರಿ. ಬಾಯಲ್ಲಿ ಶಾಖವನ್ನು ಗುರುತಿಸುವ ನರಗಳ ಗ್ರಾಹಕವೊಂದಿದೆ. ಸಾಮಾನ್ಯವಾಗಿ ಅದು ಎಚ್ಚರಗೊಳ್ಳುವುದು ಸುಮಾರು 42 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇದೇ ಗ್ರಾಹಕವನ್ನು ತಟ್ಟಿ ಎಬ್ಬಿಸುತ್ತದೆ. ಆಲ್ಕೋಹಾಲ್ ಕೂಡ ಇದನ್ನೇ ಕೆಣಕುತ್ತದೆ. ಅದರ ಎಚ್ಚರದ ಮಟ್ಟವನ್ನು 34 ಡಿಗ್ರಿಯ ಆಸುಪಾಸಿಗೆ ಇಳಿಸುತ್ತದೆ. ನಮ್ಮ ಮೈಯ ಶಾಖವೇ 37 ಡಿಗ್ರಿ. ಅಂದರೆ ಖಾರದ ತುತ್ತಿನ ಮೇಲೆ ಶೇಕಡಾ 14ರಷ್ಟು ಆಲ್ಕೋಹಾಲ್ ಇರುವ ಶಿರಾಜ್ ಎಂಬ ಕೆಂಪು ವೈನ್ ಕುಡಿದರೆ ಉರಿಯುವ ಬಾಯಿಗೆ ಮತ್ತಷ್ಟು ಉರಿ ಹಾಕಿದಂತೆ. ಟ್ಯಾನಿನ್ನಿನ ಒಗರು ಆ ಉರಿಯ ಮೇಲೆ ಉಜ್ಜುತ್ತದೆ. ಸ್ಪಾರ್ಕ್ಲಿಂಗ್ ವೈನಿನ ಗುಳ್ಳೆಗಳೂ ಖಾರವನ್ನು ಚುಚ್ಚಿ ತೋರಿಸುತ್ತವೆ. ಖಾರವನ್ನು ತಣಿಸುವ ಗುಣ ವೈನಿನಲ್ಲಿ ಇರುವುದು ಎರಡಕ್ಕೆ ಮಾತ್ರ: ತಂಪಿಗೆ ಮತ್ತು ಸಿಹಿಗೆ. ಆದ್ದರಿಂದ ಖೀಮಾ ಉಂಡೆಗೂ ಗೋವಾ ಸಾಸೇಜಿಗೂ ನನ್ನ ಆಯ್ಕೆ ಶೆನಿನ್ ಬ್ಲಾಂಕ್ ಎಂಬ ದ್ರಾಕ್ಷಿಯ ಬಿಳಿ ವೈನ್. ಭಾರತದಲ್ಲಿ ಈ ದ್ರಾಕ್ಷಿಯಿಂದ ಮಾಡುವ ಹಲವು ವೈನ್‌ಗಳಲ್ಲಿ ತುಸು ಸಿಹಿ ಉಳಿಸಿರುತ್ತಾರೆ. ನಾಸಿಕ್‌ನ ಸುಲಾ ಅವರ ಶೆನಿನ್ ಬ್ಲಾಂಕ್ ಈ ಬಗೆಯದು, ಹುಬ್ಬಳ್ಳಿಯಲ್ಲಿ ಹುಡುಕುವುದೂ ಕಷ್ಟವಲ್ಲ. ಫ್ರಿಜ್‌ನಿಂದ ನೇರ ತೆಗೆದು ಬಡಿಸಿ.

ಅಣ್ಣನವರಿಗೆ ನನ್ನದೊಂದು ಕೋರಿಕೆ ತಲುಪಿಸಿ. ಆ ಸಂಜೆಯ ಖೀಮಾ ಉಂಡೆಗೆ ಬರೀ ಬ್ಯಾಡಗಿ ಮೆಣಸಿನಕಾಯಿ ಹಾಕಲಿ, ಗುಂಟೂರು ಬೇಡ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದ್ದು ಅದರ ಖಾರಕ್ಕಾಗಿ ಅಲ್ಲ, ಸುಕ್ಕುಗಟ್ಟಿದ ಆ ಕಾಯಿಯ ಗಾಢ ಬಣ್ಣ ಮತ್ತು ಘಮಕ್ಕಾಗಿ. ಸ್ಪೇನ್‌ನವರು ತಮ್ಮ ಚೊರಿಝೊ ಸಾಸೇಜ್‌ಗೆ ಕೆಂಪು ಬಣ್ಣ ತರುವುದೂ ಇಂಥದ್ದೇ ಖಾರ ಕಡಿಮೆಯ ಮೆಣಸಿನಪುಡಿಯಿಂದ. ಬ್ಯಾಡಗಿ ಹಾಕಿದ ಖೀಮಾ ಉಂಡೆ ವೈನ್ ಜೊತೆಗೆ ಸಲೀಸಾಗಿ ಕೂರುತ್ತದೆ. ಉಂಡೆಗಳನ್ನು ರಸದಲ್ಲಿ ಮುಳುಗಿಸದೆ ಒಣದಾಗಿಯೇ ಕರಿದು, ಚಿಕ್ಕದಾಗಿ ಕಟ್ಟಿ, ಬೇರೆ ತಟ್ಟೆಯಲ್ಲಿ ಬಿಸಿಯಾಗಿ ತನ್ನಿ. ಸಾವಜಿ ಮಟನ್ ರಸವನ್ನು ಮಾತ್ರ ವೈನ್ ಎದುರಿಗೆ ಇಡಬೇಡಿ. ಆ ಕೆಂಪು ಎಣ್ಣೆಯ ರಸಕ್ಕೆ ಜೊತೆಯಾಗಬಲ್ಲ ವೈನ್ ನಾನು ಈವರೆಗೆ ಕಂಡಿಲ್ಲ. ಅದನ್ನು ರಾತ್ರಿಯ ಊಟಕ್ಕೆ ಬಿಡಿ. ರೊಟ್ಟಿ, ಅನ್ನ, ಮಜ್ಜಿಗೆಯ ಜೊತೆಗೇ ಅದು ಚೆನ್ನ.

ಗೋವಾ ಸಾಸೇಜ್ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿಯವರು ಚೌರಿಸ್ ಎನ್ನುವ ಈ ಸಾಸೇಜ್ ನೋಡಲು ಸಲಾಮಿಯಂತೆ ಒಣಗಿದ್ದರೂ ಹಸಿಯಾಗಿ ತಿನ್ನುವ ಪದಾರ್ಥವಲ್ಲ. ಹಂದಿ ಮಾಂಸಕ್ಕೆ ವಿನೆಗರ್, ಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ಮಾಡಿದ ಇದನ್ನು ಚೆನ್ನಾಗಿ ಬೇಯಿಸಿಯೇ ತಟ್ಟೆಗೆ ಇಡಬೇಕು. ಸ್ವಲ್ಪ ನೀರು ಹಾಕಿ ಬೇಯಿಸಿ, ನೀರು ಆರಿದ ಮೇಲೆ ಅದರದೇ ಕೊಬ್ಬಿನಲ್ಲಿ ಹುರಿಯಿರಿ. ಸಾಸೇಜ್‌ನಲ್ಲಿರುವ ವಿನೆಗರ್‌ನ ಹುಳಿಯ ಎದುರು ಹುಳಿ ಕಡಿಮೆಯಿರುವ ವೈನ್ ಸಪ್ಪೆಯಾಗುತ್ತದೆ. ಶೆನಿನ್ ಬ್ಲಾಂಕ್ ಇಲ್ಲಿಯೂ ಕೈಹಿಡಿಯುವುದು ಅದರ ಹುಟ್ಟುಗುಣವಾದ ಹುಳಿಯಿಂದ.

ಈಗ ಮೊದಲ ಬಾಟಲಿಗೆ ಬರೋಣ. ಲೇಬಲ್ ಮೇಲೆ 'ಬ್ರೂಟ್' ಎಂದಿರುವ ಸ್ಪಾರ್ಕ್ಲಿಂಗ್ ವೈನನ್ನೇ ಆರಿಸಿ. ಅದರಲ್ಲಿ ಸಿಹಿ ಬಹಳ ಕಡಿಮೆ. ನಾಸಿಕ್ ಸಮೀಪದ ದಿಂಡೋರಿಯಲ್ಲಿ ತಯಾರಾಗುವ ಶಾಂಡೋನ್ ಬ್ರೂಟ್, ಸುಲಾ ಬ್ರೂಟ್, ನಮ್ಮ ರಾಜ್ಯದವರೇ ಆದ ಗ್ರೋವರ್ ಜಂಪಾ ಅವರ ಸೊಯ್ರೆ ಬ್ರೂಟ್, ಈ ಮೂರರಲ್ಲಿ ಯಾವುದು ಸಿಕ್ಕರೂ ಸಂತೋಷ. ಹ್ಯಾಮ್, ಸಲಾಮಿ, ಬ್ರೀ, ಉಪ್ಪು ಹಚ್ಚಿ ಹುರಿದ ಗೋಡಂಬಿ, ಯಾವುದರ ಮೇಲೆ ಕುಡಿದರೂ ಇದು ಬಾಯಿಯನ್ನು ಹಸನು ಮಾಡುತ್ತದೆ. ಬ್ರೀಯಂತಹ ಬೆಣ್ಣೆ ಚೀಸ್‌ಗಂತೂ ಗುಳ್ಳೆ ವೈನಿಗಿಂತ ಒಳ್ಳೆಯ ಜೊತೆ ಇಲ್ಲ. ಹರಿವಾಣಕ್ಕೆ ಒಂದೇ ಒಂದು ವೈನ್ ಹೇಳಿ ಎಂದು ಯಾರಾದರೂ ಕೇಳಿದರೆ ಯೋಚಿಸದೆ ಇದನ್ನೇ ಹೇಳುತ್ತೇನೆ. ಖಾರದ ತಟ್ಟೆ ಬರುವ ಮೊದಲು ಇದನ್ನು ಮುಗಿಸಿ, ಅಷ್ಟೇ.

ಕೆಂಪು ವೈನಿನ ವಿಷಯದಲ್ಲಿ ನಿಮ್ಮ ಅದೃಷ್ಟ ದೊಡ್ಡದು, ಯಾಕೆಂದರೆ ಅಳಿಯಂದಿರು ಇರುವುದು ಲಿಯೋನ್‌ನಲ್ಲಿ. ಉಪ್ಪಿಟ್ಟು ಒಣಗಿಸಿದ ಸಾಸೇಜ್‌ಗಳಿಗೆ ಆ ನಗರ ಫ್ರಾನ್ಸ್‌ನಲ್ಲಿಯೇ ಹೆಸರುವಾಸಿ. ಅಲ್ಲಿಯವರು ಅದರ ಜೊತೆಗೆ ಕುಡಿಯುವುದು ಬೋರ್ಡೋದ ಗಟ್ಟಿ ಕೆಂಪು ವೈನನ್ನಲ್ಲ. ನಗರದ ಉತ್ತರಕ್ಕೇ ಇರುವ ಬೋಜೊಲೆ ಸೀಮೆಯ ವೈನ್. ಗಾಮೇ ಎಂಬ ದ್ರಾಕ್ಷಿಯಿಂದ ಮಾಡುವ ಇದರಲ್ಲಿ ಒಗರು ಕಡಿಮೆ, ಹುಳಿ ಚುರುಕು, ಹಣ್ಣಿನ ರುಚಿ ಧಾರಾಳ. ತುಸು ತಂಪಾಗಿಸಿಯೇ ಕುಡಿಯುತ್ತಾರೆ. ಮಾಂಸದ ಹರಿವಾಣವನ್ನು ತಲೆಮಾರುಗಳಿಂದ ಉಂಡ ಊರೊಂದು ತನ್ನ ಪಕ್ಕದಲ್ಲಿಯೇ ಕಂಡುಕೊಂಡ ಜೋಡಿ ಇದು. ಅಂಗಡಿಯವರ ಸೂತ್ರಕ್ಕಿಂತ ಇದರ ಸಾಕ್ಷ್ಯ ನನಗೆ ದೊಡ್ಡದು. ಮಗಳಿಗೆ ಈಗಲೇ ಸಂದೇಶ ಕಳಿಸಿ, ಬೋಜೊಲೆ-ವಿಲಾಜ್ ಅಥವಾ ಮೊರ್ಗೋನ್ ಎಂಬ ಹೆಸರಿನ ಎರಡು ಬಾಟಲಿ ತರಲು ಹೇಳಿ. ವಿದೇಶದಿಂದ ಬರುವ ವಯಸ್ಕ ಪ್ರಯಾಣಿಕರು ತಲಾ 2 ಲೀಟರ್‌ವರೆಗೆ ಮದ್ಯ ಅಥವಾ ವೈನನ್ನು ಸುಂಕವಿಲ್ಲದೆ ತರಬಹುದು. ಅಂದರೆ ಒಬ್ಬೊಬ್ಬರಿಗೆ 750 ಮಿಲಿಲೀಟರ್‌ನ ಎರಡು ಬಾಟಲಿ, ಜೊತೆಗೆ 375ರ ಒಂದು ಅರ್ಧ ಬಾಟಲಿ ಲೆಕ್ಕದೊಳಗೇ ಬರುತ್ತವೆ. ಆ ಅರ್ಧ ಬಾಟಲಿಯಲ್ಲಿ ಸೊಟೆರ್ನ್ ಎಂಬ ಸಿಹಿ ವೈನ್ ಬರಲಿ. ಅದರ ಕೆಲಸ ಮುಂದೆ ಹೇಳುತ್ತೇನೆ.

ಆದರೆ ಅಲ್ಲಿಂದ ಸಾಸೇಜ್, ಚೀಸ್ ಹೊತ್ತು ತರಲು ಹೇಳಬೇಡಿ. ಭಾರತಕ್ಕೆ ಬಂದಿಳಿಯುವವರ ಕಸ್ಟಮ್ಸ್ ಘೋಷಣಾ ಪತ್ರದಲ್ಲಿ ಮಾಂಸ ಮತ್ತು ಹಾಲಿನ ಉತ್ಪನ್ನಗಳ ಬಗ್ಗೆ ಪ್ರತ್ಯೇಕವಾಗಿ ಕೇಳುತ್ತಾರೆ. ದೂರದ ಪ್ರಯಾಣ ಮುಗಿಸಿ ಬಂದವರು ವಿಮಾನ ನಿಲ್ದಾಣದಲ್ಲಿ ಆ ತಕರಾರಿಗೆ ಸಿಕ್ಕಿಕೊಳ್ಳುವುದು ಬೇಡ. ಹಾಗೆಯೇ ಅಗ್ಗವೆಂದು ಗೋವಾದಿಂದ ಬಾಟಲಿ ತರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಗೋವಾದಲ್ಲಿ ಮಾತ್ರ ಮಾರಾಟಕ್ಕೆಂದಿರುವ ಮದ್ಯ ಗಡಿಯ ಅಬಕಾರಿ ತಪಾಸಣೆಯಲ್ಲಿ ಜಪ್ತಿಯಾಗುತ್ತದೆ.

ಬೋಜೊಲೆ ಬರದಿದ್ದರೂ ಕೊರತೆಯಿಲ್ಲ. ಸಾಂಜೊವೇಸೆ ಎಂಬ ಇಟಲಿಯ ದ್ರಾಕ್ಷಿ ಈಗ ನಮ್ಮಲ್ಲಿಯೂ ಬೆಳೆಯುತ್ತದೆ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲ್ಲಿ ಅವರದು ಸಿಗುತ್ತದೆ. ಹಂಪಿ ಸೀಮೆಯ ಕ್ರಸ್ಮಾ ಎಸ್ಟೇಟ್ಸ್ ಅವರದೂ ಇದೆ. ಗದಗ ದಾಟಿ ಕೊಪ್ಪಳದ ಕಡೆಗೆ ಹೋದರೆ ಸಿಗುವ ಆ ಕೆಂಪು ನೆಲದಲ್ಲಿ ಇಂತಹ ದ್ರಾಕ್ಷಿ ಬೆಳೆದು, ದೇಶದ ಒಳ್ಳೆಯ ವೈನ್‌ಗಳ ಸಾಲಿನಲ್ಲಿ ನಿಲ್ಲುತ್ತಿದೆ ಎಂಬುದು ಉತ್ತರ ಕರ್ನಾಟಕದವನಾದ ನನಗೆ ಹೆಮ್ಮೆಯ ವಿಷಯ. ಸಾಂಜೊವೇಸೆಯ ಹುಳಿ ಎದ್ದು ಕಾಣುವಂಥದ್ದು, ಹಾಗಾಗಿಯೇ ಇಟಲಿಯವರು ಅದನ್ನು ಸಲಾಮಿಯ ಜೊತೆಗೆ ಇಷ್ಟಪಡುತ್ತಾರೆ. ಲೇಬಲ್ ಮೇಲೆ 'ರಿಸರ್ವ್' ಎಂದು ಬರೆದು, ಓಕ್ ಪೀಪಾಯಿಯಲ್ಲಿ ಮಾಗಿಸಿದ್ದೆಂದು ಹೇಳಿಕೊಳ್ಳುವ ದುಬಾರಿ ಬಾಟಲಿಗಿಂತ ಅದೇ ತಯಾರಕರ ಸಾಧಾರಣ ಬಾಟಲಿಯೇ ಈ ಸಂಜೆಗೆ ಒಳ್ಳೆಯದು. ಇಲ್ಲಿ ಹೆಚ್ಚು ಹಣ ಕೊಟ್ಟರೆ ಹೆಚ್ಚು ಒಗರನ್ನು ಕೊಂಡಂತೆ.

ಚೀಸ್ ಆರಿಸುವುದರಲ್ಲಿ ನಾಲ್ಕು ಬಗೆ ಸಾಕು. ಮೆತ್ತನೆಯದು ಒಂದು, ಮೇಕೆ ಹಾಲಿನದು ಸಿಕ್ಕರೆ ಒಂದು, ಗಟ್ಟಿಯಾಗಿ ಮಾಗಿದ್ದು ಒಂದು, ನೀಲಿ ಬೂಷ್ಟಿನದು ಒಂದು. ಬೆಂಗಳೂರಿನಲ್ಲಿ ವಾಲೊಂಬ್ರೋಸಾ ಹೆಸರಿನಲ್ಲಿ ಬೆನೆಡಿಕ್ಟೈನ್ ಸಂನ್ಯಾಸಿಗಳು ಇಟಲಿ ಶೈಲಿಯ ಚೀಸ್ ಮಾಡುತ್ತಾರೆ. ಕೊಡೈಕನಾಲ್ ಮತ್ತು ಆರೋವಿಲ್‌ಗಳ ಚೀಸ್ ಕೂಡ ಹಳೆಯ ಹೆಸರು. ಮೇಕೆ ಹಾಲಿನ ಚೀಸ್ ತಂದರೆ ಸೊವಿನ್ಯೋನ್ ಬ್ಲಾಂಕ್ ಎಂಬ ದ್ರಾಕ್ಷಿಯ ಬಿಳಿ ವೈನ್ ಬಹಳ ಚೆನ್ನಾಗಿ ಹೊಂದುತ್ತದೆ. ಫ್ರಾನ್ಸ್‌ನ ಲುಆರ್ ನದಿ ಸೀಮೆಯ ಸಾನ್ಸೇರ್ ಎಂಬ ಊರಿನಲ್ಲಿ ಅದೇ ದ್ರಾಕ್ಷಿ, ಅದೇ ಮೇಕೆ ಚೀಸ್ ಅಕ್ಕಪಕ್ಕದಲ್ಲಿಯೇ ಬೆಳೆದಿವೆ. ಮೇಕೆ ಚೀಸ್ ಸಿಗದಿದ್ದರೆ ಆ ಬಾಟಲಿಯ ಗೋಜು ಬೇಡ.

ನೀಲಿ ಚೀಸ್‌ಗೆ ಮಾತ್ರ ಬೇರೆಯೇ ನಿಯಮ. ಅದರ ಉಪ್ಪು, ಕಟುತನ ಎರಡೂ ವಿಪರೀತ. ಸಿಹಿಯಿಲ್ಲದ ಯಾವ ವೈನೂ ಅದರ ಮುಂದೆ ನಿಲ್ಲುವುದಿಲ್ಲ. ಫ್ರೆಂಚರು ತಮ್ಮ ನೀಲಿ ಚೀಸ್ ಆದ ರೋಕ್‌ಫೋರ್ ಜೊತೆಗೆ ಸೊಟೆರ್ನ್ ಇಡುತ್ತಾರೆ, ಇಂಗ್ಲೆಂಡಿನವರು ತಮ್ಮ ಸ್ಟಿಲ್ಟನ್ ಜೊತೆಗೆ ಪೋರ್ಚುಗಲ್‌ನ ಸಿಹಿ ವೈನ್ ಆದ ಪೋರ್ಟ್ ಇಡುತ್ತಾರೆ. ಮಗಳು ತರುವ ಅರ್ಧ ಬಾಟಲಿ ಇದಕ್ಕೇ. ತಾರದಿದ್ದರೆ ಸುಲಾ ಅವರ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ ಕೊಳ್ಳಿ. ದ್ರಾಕ್ಷಿಯನ್ನು ಬಳ್ಳಿಯಲ್ಲಿಯೇ ಹೆಚ್ಚು ದಿನ ಬಿಟ್ಟು ಸಕ್ಕರೆ ಕೂಡಿಸಿಕೊಂಡ ವೈನ್ ಅದು. ಅಗ್ಗದ ಸಿಹಿ ಕೆಂಪು ವೈನ್‌ಗಳು 'ಪೋರ್ಟ್' ಎಂಬ ಹೆಸರಿನಲ್ಲಿ ನಮ್ಮಲ್ಲಿ ಬಹಳ ಕಾಲದಿಂದ ಬಂದಿವೆ. ಪೋರ್ಚುಗಲ್‌ನ ದೊರೊ ಕಣಿವೆಯಲ್ಲಿ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಮಾಡುವ ನಿಜವಾದ ಪೋರ್ಟ್‌ಗೂ ಅವುಗಳಿಗೂ ಸಂಬಂಧವಿಲ್ಲ, ನೀಲಿ ಚೀಸ್‌ನ ಭಾರವನ್ನು ಅವು ಹೊರುವುದೂ ಇಲ್ಲ.

ಕೊನೆಗೆ ಧಾರವಾಡ ಪೇಡೆ ಇಡುತ್ತೀರಿ ಎಂದು ನನಗೆ ಗೊತ್ತು, ಇಡದೆ ಇರಬೇಡಿ. ಆದರೆ ಪೇಡೆಯ ಸಿಹಿ ಸೊಟೆರ್ನ್‌ನ ಸಿಹಿಯನ್ನೂ ಮೀರಿಸಿ ವೈನನ್ನು ಹುಳಿಯಾಗಿಸುತ್ತದೆ. ಪೇಡೆಯ ಹೊತ್ತಿಗೆ ವೈನ್ ಬದಿಗಿಟ್ಟು ಕಾಫಿ ತನ್ನಿ. ಇಲ್ಲಿ ಒಂದು ಹೊಸ ಚೀಸ್ ನೆನಪಾಗುತ್ತದೆ. ಮುಂಬೈನ ಎಲೆಫ್ತೇರಿಯಾ ಅವರು ನಾರ್ವೆ ಶೈಲಿಯ ಬ್ರೂನೋಸ್ಟ್ ಮಾಡುತ್ತಾರೆ. 2022ರ ವಿಶ್ವ ಚೀಸ್ ಸ್ಪರ್ಧೆಯಲ್ಲಿ ಅದಕ್ಕೆ 'ಸೂಪರ್ ಗೋಲ್ಡ್' ಬಂತು. ಚೀಸ್ ಮಾಡಿ ಉಳಿದ ಹಾಲಿನ ತಿಳಿಯನ್ನು ಗಂಟೆಗಟ್ಟಲೆ ಕುದಿಸಿ, ಅದರಲ್ಲಿನ ಸಕ್ಕರೆ ಕಂದಾಗುವವರೆಗೆ ಬತ್ತಿಸುತ್ತಾರೆ. ಖೋವಾವನ್ನು ಕಂದಾಗುವಂತೆ ಹುರಿದು ಪೇಡೆ ಮಾಡುವ ಧಾರವಾಡದವರಿಗೆ ಆ ಪರಿಮಳ ಮೊದಲ ತುಣುಕಿನಲ್ಲಿಯೇ ಪರಿಚಿತವೆನಿಸುತ್ತದೆ. ತರಿಸಲು ಸಾಧ್ಯವಾದರೆ ಅತ್ತೆಯವರಿಗೂ ಸಸ್ಯಾಹಾರಿಗಳಿಗೂ ಅದನ್ನು ಪೇಡೆಯ ಪಕ್ಕದಲ್ಲಿಯೇ ಇಟ್ಟು ಕೊಡಿ.

ಸಸ್ಯಾಹಾರಿಗಳ ಮಾತು ಬಂದದ್ದರಿಂದ ಇದನ್ನು ಗಂಭೀರವಾಗಿ ಹೇಳುತ್ತೇನೆ. ಎಲ್ಲ ಚೀಸ್ ಸಸ್ಯಾಹಾರವಲ್ಲ. ಹಾಲನ್ನು ಒಡೆಸಿ ಗಟ್ಟಿ ಮಾಡುವ ರೆನ್ನೆಟ್ ಸಾಂಪ್ರದಾಯಿಕವಾಗಿ ಎಳೆಗರುವಿನ ಹೊಟ್ಟೆಯಿಂದ ಬರುತ್ತದೆ. ಇಟಲಿಯ ಗಟ್ಟಿ ಚೀಸ್ ಆದ ಪಾರ್ಮಿಜಾನೊ ರೆಜಾನೊ ನಿಯಮದ ಪ್ರಕಾರ ಅದರಿಂದಲೇ ತಯಾರಾಗಬೇಕು. ಭಾರತದಲ್ಲಿ ಮಾಡುವ ಚೀಸ್‌ಗೆ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ಪಡೆದ ರೆನ್ನೆಟ್ ಬಳಸುತ್ತಾರೆ; ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ. ಕೆಲವು ವೈನ್‌ಗಳನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿಭಾಗ ಅಥವಾ ಮೀನಿನಿಂದ ಪಡೆದ ಪದಾರ್ಥ ಬಳಸುವುದೂ ಉಂಟು. ಕಟ್ಟುನಿಟ್ಟಿನವರಿದ್ದರೆ ಮೊದಲೇ ತಿಳಿಸಿ, ನಿರ್ಧಾರ ಅವರದಾಗಿರಲಿ. ಅವರಿಗೆ ಪ್ರತ್ಯೇಕ ಹರಿವಾಣ, ಪ್ರತ್ಯೇಕ ಚಾಕು ಇಡುವುದು ನಮ್ಮ ಕಡೆಯ ಮರ್ಯಾದೆ. ಬಸುರಿಯರು ಯಾರಾದರೂ ಇದ್ದರೆ ವೈನ್ ಬೇಡವೆಂಬುದು ಎಲ್ಲರಿಗೂ ಗೊತ್ತು. ಮೆತ್ತನೆಯ ಚೀಸ್ ಮತ್ತು ಬೇಯಿಸದ ತಣ್ಣನೆಯ ಮಾಂಸವೂ ಬೇಡ, ಅವುಗಳಲ್ಲಿ ಲಿಸ್ಟೀರಿಯಾ ಸೋಂಕಿನ ಅಪಾಯವಿದೆ.

ಹರಿವಾಣದ ಮೇಲೆ ಬ್ರೆಡ್, ಉಪ್ಪು ಬಿಸ್ಕತ್ತು ಹುಡುಕುವ ಬದಲು ತೆಳ್ಳಗೆ ಬಡಿದ ಖಡಕ್ ಜೋಳದ ರೊಟ್ಟಿಯನ್ನು ಮುರಿದು ಇಡಿ. ಅದರಲ್ಲಿ ಎಣ್ಣೆಯಿಲ್ಲ, ಸಕ್ಕರೆಯಿಲ್ಲ. ಚೀಸ್ ಹೊರಲು ಗಟ್ಟಿತನವಿದೆ. ಇದಕ್ಕಿಂತ ಚೆನ್ನಾದ ಆಧಾರ ನನಗೆ ಎಲ್ಲಿಯೂ ಸಿಕ್ಕಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಾದರೆ ಮಾಗಿದ ಗೌಡಾ ಚೀಸ್‌ಗೆ ಇನ್ನೂ ರುಚಿ. ವಿಜಯಪುರದ ಒಣದ್ರಾಕ್ಷಿ, ಒಣ ಅಂಜೂರ, ಸಿಕ್ಕರೆ ಪೇರಲ ಹಣ್ಣಿನ ಹೋಳು ಇರಲಿ. ಉಪ್ಪಿನಕಾಯಿ, ಹಸಿ ಉಳ್ಳಾಗಡ್ಡಿ, ಗುರೆಳ್ಳಿನ ಚಟ್ನಿ ಆ ಹೊತ್ತಿಗೆ ಅಡುಗೆಮನೆಯಲ್ಲಿಯೇ ಇರಲಿ, ಅವು ವೈನನ್ನು ಕೊಲ್ಲುತ್ತವೆ. ಶೇಂಗಾ ಚಟ್ನಿಪುಡಿಯನ್ನು ಖಾರ ಕಡಿಮೆ ಮಾಡಿ ಕುಟ್ಟಿದರೆ ಶೆನಿನ್ ಬ್ಲಾಂಕ್ ಜೊತೆಗೆ ನಡೆಯುತ್ತದೆ.

ಬಾಟಲಿ ಕೊಳ್ಳುವಾಗ ಲೇಬಲ್‌ಗಿಂತ ಮೊದಲು ಅದು ನಿಂತ ಜಾಗ ನೋಡಿ. ಬೇಸಗೆಯಲ್ಲಿ ನಮ್ಮ ಊರಿನ ಅಂಗಡಿಗಳ ಮೇಲಿನ ಕಪಾಟು ಎಷ್ಟು ಕಾಯುತ್ತದೆ ಎಂದು ನಿಮಗೆ ಗೊತ್ತು. ಬಿಸಿಲು ಬೀಳುವ ಗಾಜಿನ ಬಳಿ ನಿಂತ ಬಾಟಲಿಯನ್ನು ಮುಟ್ಟಬೇಡಿ. ಬಿರಡೆ ಮೇಲೆದ್ದಿದ್ದರೆ ಅಥವಾ ಕುತ್ತಿಗೆಯಲ್ಲಿ ಅಂಟು ಕಂಡರೆ ಒಳಗಿನ ವೈನ್ ಕಾದು ಉಬ್ಬಿ ಹೊರಬಂದಿದೆ ಎಂದೇ ಅರ್ಥ. ನಮ್ಮಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಮುಖ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಬಿಳಿ ವೈನ್ ಕೊಳ್ಳುವಾಗ ಲೇಬಲ್ ಮೇಲೆ ಹೊಸ ವರ್ಷ ಇದ್ದಷ್ಟೂ ಒಳ್ಳೆಯದು. ಶೆನಿನ್, ಸೊವಿನ್ಯೋನ್‌ಗಳನ್ನು ಇಟ್ಟು ಹಳೆಯದು ಮಾಡಿ ಪ್ರಯೋಜನವಿಲ್ಲ.

ಇನ್ನು ತಂಪು. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕು ಎಂಬ ಮಾತನ್ನು ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಪಾಲಿಸಿದರೆ ಸಂಜೆ ಕೆಟ್ಟಂತೆಯೇ. ಆ ಮಾತಿನ ಹಿಂದಿರುವುದು ಯುರೋಪಿನ ಹಳೆಯ ಕಲ್ಲಿನ ಮನೆ, 16ರಿಂದ 18 ಡಿಗ್ರಿ. ನಮ್ಮಲ್ಲಿ ಹಗಲು 35 ಡಿಗ್ರಿ ದಾಟಿ, ಸಂಜೆಯೂ ಗೋಡೆಗಳು ಬಿಸಿ ಕಾರುತ್ತಿರುತ್ತವೆ. ಬೋಜೊಲೆ, ಸಾಂಜೊವೇಸೆಗಳನ್ನು ಬಡಿಸುವ ಮುನ್ನ ಮುಕ್ಕಾಲು ಗಂಟೆಯಾದರೂ ಫ್ರಿಜ್‌ನಲ್ಲಿಡಿ. 14 ಡಿಗ್ರಿಯ ಸುತ್ತಮುತ್ತ ಅವು ಸೊಗಸಾಗಿರುತ್ತವೆ. ಬ್ರೂಟ್‌ಗೆ 6ರಿಂದ 8 ಡಿಗ್ರಿ ಬೇಕು, ಬೆಳಿಗ್ಗೆಯೇ ಫ್ರಿಜ್‌ಗೆ ಹಾಕಿ. ಮೇಜಿನ ಮೇಲೆ ಬಕೆಟ್ ಇಡುವುದಾದರೆ ಬರೀ ಐಸ್ ತುಂಬಬೇಡಿ. ಅರ್ಧ ಐಸ್, ಅರ್ಧ ನೀರು ಹಾಕಿದರೆ ಮಾತ್ರ ಬಾಟಲಿಯ ಸುತ್ತ ತಂಪು ಮುಟ್ಟುತ್ತದೆ. ಒಂದು ಹಿಡಿ ಉಪ್ಪು ಸೇರಿಸಿದರೆ ಇನ್ನೂ ಬೇಗ. ಗ್ಲಾಸಿಗೆ ಸ್ವಲ್ಪಸ್ವಲ್ಪವೇ ಸುರಿಯಿರಿ, ತುಂಬಿಸಿಟ್ಟರೆ ಅರ್ಧ ಕುಡಿಯುವಷ್ಟರಲ್ಲಿ ಬಿಸಿಯಾಗುತ್ತದೆ. ಚೀಸ್‌ಗೆ ಇದರ ತಿರುಗುಮುರುಗು: ಫ್ರಿಜ್‌ನಿಂದ ನೇರ ಬಂದರೆ ರುಚಿಯೇ ಇರುವುದಿಲ್ಲ. ಪುಸ್ತಕಗಳು ಒಂದು ಗಂಟೆ ಮೊದಲು ಹೊರಗಿಡಿ ಎನ್ನುತ್ತವೆ. ನಮ್ಮ ಸೆಕೆಗೆ ಇಪ್ಪತ್ತು ನಿಮಿಷ ಸಾಕು. ಸಲಾಮಿ, ಹ್ಯಾಮ್ ಅನ್ನು ತಿನ್ನುವ ಹೊತ್ತಿಗೇ ತೆಗೆಯಿರಿ, ಎರಡು ಕಂತಿನಲ್ಲಿ ಇಡಿ.

ಪ್ರಮಾಣ ಹೀಗಿರಲಿ. ಕುಡಿಯುವವರು ಏಳು ಜನ. 750 ಮಿಲಿಲೀಟರ್ ಬಾಟಲಿಯಲ್ಲಿ 150ರ ಐದು ಗ್ಲಾಸ್ ಬರುತ್ತದೆ. ಬ್ರೂಟ್ ಎರಡು, ಶೆನಿನ್ ಬ್ಲಾಂಕ್ ಒಂದು, ಕೆಂಪು ಎರಡು, ಸಿಹಿಯದು ಅರ್ಧ ಬಾಟಲಿ. ಇದು ನಿಧಾನವಾಗಿ ಸಾಗುವ ಒಂದು ಸಂಜೆಗೆ ಧಾರಾಳವಾಯಿತು. ಆಮೇಲೆ ಸಾವಜಿ ಊಟ ಇರುವುದರಿಂದ ಮಾಂಸ ತಿನ್ನುವ ಆರು ಜನಕ್ಕೆ 350 ಗ್ರಾಂ ಮಾಂಸ, ಎಲ್ಲರಿಗೂ ಸೇರಿ ಅರ್ಧ ಕಿಲೋ ಚೀಸ್ ಸಾಕು. ಉಪ್ಪಿನ ಪದಾರ್ಥ ತಿಂದಷ್ಟೂ ಬಾಯಾರಿಕೆ ಹೆಚ್ಚು. ವೈನಿನ ಗ್ಲಾಸಿನ ಪಕ್ಕದಲ್ಲಿ ನೀರಿನ ಲೋಟ ಪ್ರತಿಯೊಬ್ಬರಿಗೂ ಇರಲಿ. ಅತ್ತೆಯವರಿಗೆ ಕೋಕಂ ಶರಬತ್ತನ್ನು ಸಕ್ಕರೆ ಕಡಿಮೆ ಮಾಡಿ ತಂಪಾಗಿಸಿ, ವೈನಿನ ಗ್ಲಾಸಿನಲ್ಲಿಯೇ ಕೊಡಿ. ಉಪ್ಪಿಗೆ ಬೇಕಾದ ಹುಳಿ ಅದರಲ್ಲಿದೆ, ಚೀಸ್ ಜೊತೆಗೆ ಅದು ನಿಜಕ್ಕೂ ಚೆನ್ನಾಗಿರುತ್ತದೆ. ಧಾರವಾಡಕ್ಕೆ ಮರಳುವ ನೆಂಟರಿದ್ದರೆ ಚಿಗರಿ ಬಸ್ ಹತ್ತಿಸಿ ಇಲ್ಲವೇ ಬಾಡಿಗೆ ಕಾರಿನಲ್ಲಿ ಕಳುಹಿಸಿ. ವಾಹನ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ಮೀರಿದರೆ ಅಪರಾಧ, ಅದಕ್ಕೆ ಎರಡು ಗ್ಲಾಸ್ ವೈನ್ ಸಾಕಾಗಬಹುದು.

ಬಾಟಲಿಯಲ್ಲಿ ವೈನ್ ಉಳಿದರೆ, ಕೆಂಪು ಬಿಳಿ ಎನ್ನದೆ ಎಲ್ಲವನ್ನೂ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ. ಎರಡು ಮೂರು ದಿನ ತಡೆಯುತ್ತವೆ, ಸಿಹಿ ವೈನ್ ಒಂದು ವಾರವೂ ಇರುತ್ತದೆ. ಬ್ರೂಟ್ ಬಾಟಲಿಯ ಬಾಯಿಗೆ ಚಮಚ ತೂಗುಬಿಟ್ಟರೆ ಗುಳ್ಳೆ ಉಳಿಯುತ್ತದೆ ಎಂಬುದನ್ನು ನಂಬಬೇಡಿ. ಅದಕ್ಕೆಂದೇ ಮಾಡಿದ ಬಿಗಿಮುಚ್ಚಳ ಬೇಕು, ಇಲ್ಲದಿದ್ದರೆ ಆ ರಾತ್ರಿಯೇ ಮುಗಿಸಿ. ಚೀಸ್ ತುಂಡುಗಳನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯದೆ ಬೆಣ್ಣೆ ಕಾಗದದಲ್ಲಿ ಸುತ್ತಿಡಿ, ನೀಲಿಯದನ್ನು ಬೇರೆ ಡಬ್ಬಿಯಲ್ಲಿ ಇಡಿ. ಇಲ್ಲದಿದ್ದರೆ ಮರುದಿನ ಫ್ರಿಜ್‌ನಲ್ಲಿರುವ ಮೊಸರಿಗೂ ಅದರದೇ ವಾಸನೆ ಹತ್ತಿರುತ್ತದೆ.